ಇಷ್ಟು ವರ್ಷ ಹೂವಿಟ್ಟಿದ್ದು ಬೇರೆಯವರ ಸಮಾಧಿಗೆ

ನಮ್ಮತ್ತೆ ಪ್ರತಿ ವರ್ಷ ಮೇ ತಿಂಗಳ ಕೊನೇ ಸೋಮವಾರ, ಅಂದ್ರೆ ಇಲ್ಲಿ ಅಮೆರಿಕಾದವ್ರ ಮೆಮೋರಿಯಲ್ ಡೇ ದಿನ, ಹಿತ್ತಲಲ್ಲಿ ಬಿಟ್ಟಿರೋ ಪಿಯೋನಿ ಹೂವೆಲ್ಲ ಕಿತ್ತು ಬಕೆಟ್ಟಲ್ಲಿ ತುಂಬ್ಕೊಂಡು ಹಿರಿಯರ ಸಮಾಧಿಗಳಿಗೆ ಇಟ್ಟು ಬರ್ತಾರೆ. ಅವರಮ್ಮನೂ ಹಾಗೇ ಮಾಡ್ತಿದ್ರಂತೆ. ಲಿಂಕನ್‌ನಲ್ಲಿರೋ ನಮ್ಮನೆಯಿಂದ ಒಂದೂಕಾಲು ಗಂಟೆ ದಾರಿ, ಯಾರ್ಕ್ ತನಕ ಇಂಟರ್‌ಸ್ಟೇಟ್ ಹೆದ್ದಾರಿ, ಅಲ್ಲಿಂದ ಉತ್ತರಕ್ಕೆ ತಿರುಗಿದ್ರೆ ನೆಬ್ರಾಸ್ಕಾದ ಪೋಕ್ ಕೌಂಟಿ, ಸ್ಟ್ರಾಮ್ಸ್‌ಬರ್ಗ್ ಕಡೆ. ಸ್ವೀಡನ್‌ನಿಂದ ಬಂದವ್ರು ನೆಲೆ ನಿಂತ ಜಾಗ ಅದು, ಊರಿಗೆ ನೆಬ್ರಾಸ್ಕಾದ ಸ್ವೀಡಿಷ್ ರಾಜಧಾನಿ ಅಂತ ಬಿರುದು ಬೇರೆ. ಮದುವೆಯಾದ ಮೇಲೆ ನಾನೂ ಏಳೆಂಟು ಸಲ ಹೋಗಿದೀನಿ, ಬಕೆಟ್ ಹಿಡ್ಕೊಳ್ಳೋ ಕೆಲಸ ನಂದು. (ಎದುರಿಗೆ ನಾನು ಅವ್ರನ್ನ ಹೆಸರು ಹಿಡಿದೇ ಕರೆಯೋದು, ಇಲ್ಲಿ ಹಾಗೇ, ಮೊದಲೆರಡು ವರ್ಷ ನಾಲಿಗೆ ತಡವರಿಸ್ತಿತ್ತು. ಕನ್ನಡದಲ್ಲಿ ಬರೀವಾಗ ಮಾತ್ರ ಅತ್ತೆ ಅಂತಲೇ ಬರೋದು.)

ಆ ಸಾಲಲ್ಲಿ ಎಲ್ಲಕ್ಕಿಂತ ಹಳೇದು ಅತ್ತೆಯ ಮುತ್ತಜ್ಜ ಮುತ್ತಜ್ಜಿಯ ಸಮಾಧಿ, ಅಂದ್ರೆ ಅಮ್ಮನ ಅಮ್ಮನ ಅಪ್ಪ ಅಮ್ಮ. 1870ರ ದಶಕದಲ್ಲಿ ಬಂದು ಹುಲ್ಲುಗಾವಲು ಉತ್ತು, ಮರ ಇಲ್ಲದ ನೆಲದಲ್ಲಿ ಹುಲ್ಲಿನ ಬೇರಿನ ಸಮೇತ ಮಣ್ಣಿನ ಹೆಂಟೆ ಕತ್ತರಿಸಿ ಗೋಡೆ ಎಬ್ಬಿಸಿದ ಜನ, ಇಲ್ಲಿನವ್ರು ಪಯನೀರ್ಸ್ ಅಂತ ಎದೆಯುಬ್ಬಿಸಿ ಹೇಳೋ ತಲೆಮಾರು. ಒಂದೇ ಕಲ್ಲು, ಎಡಕ್ಕೆ ಮುತ್ತಜ್ಜ, ಬಲಕ್ಕೆ ಮುತ್ತಜ್ಜಿ. ಹೆಸರು ಇಲ್ಲಿ ಹಾಕಲ್ಲ, ಅತ್ತೆ ಬೇಡ ಅಂದಿದಾರೆ.

ಎರಡು ವರ್ಷದ ಹಿಂದೆ ಹೋದಾಗ ಬಲಗಡೆ ಅಕ್ಷರಗಳ ಮೇಲೆ ಕಲ್ಲುಹೂ ಬೆಳೆದು ಅರ್ಧ ಮುಚ್ಚಿಹೋಗಿತ್ತು. ಅತ್ತೆ ಕೀ ತಗೊಂಡು ಕೆರೆಯೋಕೆ ಹೊರಟ್ರು, ನಾನು ತಡೆದೆ. ಹಳೇ ಕಲ್ಲನ್ನ ಕೆರೆಯೋದು, ತಂತಿ ಬ್ರಷ್ ಹಾಕೋದು, ಬ್ಲೀಚ್ ಸುರಿಯೋದು, ಅಕ್ಷರ ಕಾಣ್ಲಿ ಅಂತ ಶೇವಿಂಗ್ ಕ್ರೀಮ್ ಬಳಿಯೋದು ಇದೆಲ್ಲ ಮಾಡಬಾರ್ದು, ನೂರು ವರ್ಷ ಮಳೆ ಮಾಡದ ಹಾಳನ್ನ ಹತ್ತು ನಿಮಿಷದಲ್ಲಿ ಮಾಡಿಬಿಡ್ತೀವಿ. ಸುಲಭದ ದಾರಿ ಕನ್ನಡಿ. ಕಾರಿಂದ ಮೇಕಪ್ ಕನ್ನಡಿ ತಂದು ಬಿಸಿಲನ್ನ ಪಕ್ಕದಿಂದ ಓರೆಯಾಗಿ ಬಿಟ್ಟೆ, ಕೆತ್ತಿದ ಗೀಟಿನೊಳಗೆ ನೆರಳು ಕೂತು ಓದೋಕೆ ಬಂತು. ಸತ್ತಿದ್ದು 1929 ಮಾರ್ಚ್. ಕೆಳಗೆ ವಯಸ್ಸು, 71 ವರ್ಷ 4 ತಿಂಗಳು 9 ದಿನ. ಆ ಕಾಲದಲ್ಲಿ ಎಷ್ಟೋ ಕಲ್ಲಿನ ಮೇಲೆ ಹುಟ್ಟಿದ ತಾರೀಕು ಇರಲ್ಲ, ಹೀಗೆ ದಿನದ ಲೆಕ್ಕದಲ್ಲಿ ಬಾಳಿದ ವಯಸ್ಸು ಇರುತ್ತೆ, ಹಿಂದಕ್ಕೆ ಕಳೆದು ನಾವೇ ಹುಟ್ಟಿದ ದಿನ ತೆಗೀಬೇಕು. ನಾನು ದಿನವಿಡೀ ಎಕ್ಸೆಲ್ ಜೊತೆ ಸಂಸಾರ ಮಾಡೋಳು, ಅಲ್ಲೇ ನಿಂತು ಕಳೆದೆ. 1857 ನವೆಂಬರ್ ಬಂತು.

"ಅಲ್ಲ, 1853" ಅಂದ್ರು ಅತ್ತೆ. "ನಮ್ಮಜ್ಜಿಯ ಬೈಬಲ್‌ನಲ್ಲಿ ಬರೆದಿದೆ. ನಾನು ನೋಡಿದೀನಿ."

ನಾಲ್ಕು ವರ್ಷದ ವ್ಯತ್ಯಾಸ ದೊಡ್ಡದೇನಲ್ಲ, ಆ ಕಾಲದವ್ರಿಗೆ ವಯಸ್ಸು ಸರಿಯಾಗಿ ಗೊತ್ತಿರ್ಲಿಲ್ಲ ಅಂತ ಹೇಳಿ ಹೂವಿಟ್ಟು ಬಂದ್ವಿ. ಆದ್ರೆ ದಿನದ ಲೆಕ್ಕದಲ್ಲಿ ವಯಸ್ಸು ಕೆತ್ತಿಸಿದ ಮನೆಯವ್ರಿಗೆ ವರ್ಷ ಗೊತ್ತಿರ್ಲಿಲ್ವಾ ಅನ್ನೋದು ನನ್ನ ತಲೇಲಿ ಕೊರೀತಾನೇ ಇತ್ತು. ಮನೆಗೆ ಬಂದು ಆ ಬೈಬಲ್ ತೆಗೆಸಿದೆ. ಸ್ವೀಡಿಷ್ ಬೈಬಲ್, ಮೊದಲ ಖಾಲಿ ಪುಟದಲ್ಲಿ ಮಸಿ ಕಂದಿದ ಕೈಬರಹ, ಹೆಸರಿನ ಮುಂದೆ 1853 ಸೆಪ್ಟೆಂಬರ್ ಅಂತ ಸ್ಪಷ್ಟವಾಗೇ ಇತ್ತು. ಹೆಸರು ಕಲ್ಲಿನ ಮೇಲಿದ್ದ ಹೆಸರೇ.

ಇಲ್ಲಿಂದ ಶುರುವಾಯ್ತು ನನ್ನ ಹುಚ್ಚು. ನನ್ನ ಗಂಡ ಈಗಲೂ ಅದನ್ನ ಹಾಗೇ ಕರೀತಾನೆ.

ಅಮೆರಿಕಾದಲ್ಲಿ ಹತ್ತು ವರ್ಷಕ್ಕೊಂದು ಸೆನ್ಸಸ್, 72 ವರ್ಷ ಆದ್ಮೇಲೆ ಮೂಲ ಹಾಳೆಗಳನ್ನ ಸಾರ್ವಜನಿಕರಿಗೆ ಬಿಡ್ತಾರೆ, 1950ರದ್ದು 2022ರಲ್ಲಿ ಬಂತು. ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ವೆಬ್‌ಸೈಟ್‌ನಲ್ಲಿ ಹಾಳೆಗಳು ಪುಕ್ಕಟೆ ಸಿಗುತ್ವೆ. ಮೊದಲು 1880ರದ್ದು ಹುಡುಕಿದೆ, ಹೆಸರು ಹಾಕಿದ್ರೆ ಬರ್ಲೇ ಇಲ್ಲ. ಹೇಳಿದ್ದು ಸ್ವೀಡಿಷ್ ಬಾಯಿ, ಬರ್ಕೊಂಡಿದ್ದು ಇಂಗ್ಲಿಷ್ ಕಿವಿ, ಆಮೇಲೆ ಆ ಕೈಬರಹ ನೋಡಿ ಇಂಡೆಕ್ಸ್ ಮಾಡಿದವ್ರು ಇನ್ನೊಬ್ರು, ಮೂರು ಸಲ ಸೋಸಿದ ಮೇಲೆ ಹೆಸರು ಹೆಸರಾಗಿ ಉಳಿಯುತ್ತಾ. ಕೊನೆಗೆ ಸರ್‌ನೇಮ್ ಬಿಟ್ಟು ಆ ಟೌನ್‌ಶಿಪ್‌ನ (ನಮ್ಮ ಹೋಬಳಿ ಥರ) ಹಾಳೆಗಳನ್ನ ಒಂದೊಂದಾಗಿ ತಿರುವಿದಾಗ ಸಿಕ್ರು. ಗಂಡ, ಹೆಂಡತಿ 27, ನಾಲ್ಕು ಮಕ್ಕಳು, ಕೊನೇದು ಮೂರು ತಿಂಗಳ ಗಂಡು ಕೂಸು. 27 ಅಂದ್ರೆ 1853ಕ್ಕೆ ಹತ್ತಿರ. ಬೈಬಲ್ ಸರಿ.

ಮುಂದಿನದು 1890. ಅದು ಇಲ್ಲ. 1921 ಜನವರಿಯಲ್ಲಿ ವಾಷಿಂಗ್ಟನ್‌ನ ಕಾಮರ್ಸ್ ಡಿಪಾರ್ಟ್‌ಮೆಂಟ್ ಕಟ್ಟಡಕ್ಕೆ ಬೆಂಕಿ ಬಿದ್ದು ಕೆಲವು ಸುಟ್ಟು, ಆರಿಸೋಕೆ ಬಿಟ್ಟ ನೀರಲ್ಲಿ ಇನ್ನಷ್ಟು ನೆಂದು, ಉಳಿದಿದ್ದನ್ನೂ ಆಮೇಲೆ ಸರ್ಕಾರವೇ ನಾಶ ಮಾಡ್ತು. ಇಡೀ ದೇಶದ್ರಲ್ಲಿ ಈಗ ಉಳಿದಿರೋದು ಆರು ಸಾವಿರ ಚಿಲ್ಲರೆ ಹೆಸರು. ವಂಶ ಹುಡುಕೋರ ಮುಂದೆ 1890 ಅಂದ್ರೆ ಸಾಕು, ಸತ್ತ ನೆಂಟರ ಸುದ್ದಿ ಹೇಳಿದಂಗೆ ಮುಖ ಮಾಡ್ತಾರೆ.

ಹಂಗಾಗಿ 1900ಕ್ಕೆ ಹಾರಿದೆ, ಕಥೆ ಅಲ್ಲೇ ಬಿಚ್ಕೊಂಡಿದ್ದು. 1900ರ ಹಾಳೆ ಬಂಗಾರ ಕಣ್ರೀ, ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹೆತ್ರು, ಅದ್ರಲ್ಲಿ ಎಷ್ಟು ಬದುಕಿವೆ, ಯಾವ ವರ್ಷ ವಲಸೆ ಬಂದ್ರು, ಎಲ್ಲ ಕಾಲಂ ಇದೆ. ಹೆಂಡತಿ ಹುಟ್ಟಿದ್ದು ನವೆಂಬರ್ 1857. ಅಮೆರಿಕಾಗೆ ಬಂದಿದ್ದು 1884. ಮದುವೆಯಾಗಿ 14 ವರ್ಷ. ಹೆತ್ತ ಮಕ್ಕಳು ಮೂರು, ಬದುಕಿರೋದು ಮೂರು. ಆದ್ರೆ ಮನೇಲಿರೋ ಮಕ್ಕಳು ಆರು, ಅದ್ರಲ್ಲಿ ಅತ್ತೆಯ ಅಜ್ಜಿಗೆ ಆಗ 17. ಮದುವೆಯಾಗಿ 14 ವರ್ಷ ಆದವಳಿಗೆ 17 ವರ್ಷದ ಮಗಳು! 1884ರಲ್ಲಿ ಹಡಗಿಂದ ಇಳಿದವಳು 1880ರಲ್ಲಿ ನೆಬ್ರಾಸ್ಕಾದಲ್ಲಿ ನಾಲ್ಕು ಮಕ್ಕಳ ತಾಯಿ!

ಇಬ್ರು ಹೆಂಗಸರು. ಇಬ್ರ ಹೆಸರೂ ಒಂದೇ, ಆಗಿನ ಸ್ವೀಡನ್‌ನಲ್ಲಿ ಬೀದಿಗೆ ನಾಲ್ಕು ಜನಕ್ಕಿರ್ತಿದ್ದಂಥ ಹೆಸರು. ಅತ್ತೆ, ಅತ್ತೆಯ ಅಮ್ಮ, ಇಷ್ಟು ವರ್ಷ ಹೂವಿಟ್ಟಿದ್ದು ಮಲತಾಯಿಗೆ.

ಅತ್ತೆಗೆ ಹೇಳೋಕೆ ಎರಡು ದಿನ ತಗೊಂಡೆ. ಹೇಳಿದಾಗ ಅವ್ರು ಗಾಬರಿಯೇನೂ ಆಗ್ಲಿಲ್ಲ, ಬೈಬಲ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ್ದು ಒಂದೇ ಮಾತು. "ಹಾಗಾದ್ರೆ ಅವಳೆಲ್ಲಿ?"

ಸಾವಿನ ಸರ್ಟಿಫಿಕೇಟ್ ಹುಡುಕೋ ಹಾಗೇ ಇರ್ಲಿಲ್ಲ, ನೆಬ್ರಾಸ್ಕಾದಲ್ಲಿ ಇಡೀ ರಾಜ್ಯಕ್ಕೆ ಜನನ ಮರಣ ನೋಂದಣಿ ಶುರುವಾಗಿದ್ದೇ 1904ರಲ್ಲಿ. ಆದ್ರೆ ನಮ್ಮ ಅದೃಷ್ಟಕ್ಕೆ 1885ರಲ್ಲಿ ನಡುವೆ ಒಂದು ಸೆನ್ಸಸ್ ಆಗಿತ್ತು, ಕೇಂದ್ರ ಸರ್ಕಾರ ಖರ್ಚಲ್ಲಿ ಪಾಲು ಕೊಡ್ತೀನಿ ಅಂದಾಗ ಒಪ್ಕೊಂಡ ಕೆಲವೇ ಕಡೆಗಳಲ್ಲಿ ನೆಬ್ರಾಸ್ಕಾನೂ ಒಂದು. ಅದ್ರಲ್ಲಿ ಮುತ್ತಜ್ಜನ ಹೆಸರಿನ ಮುಂದೆ ವಿಧುರ ಅಂತ ಗುರುತು. ಮಕ್ಕಳು ನಾಲ್ಕು, ಅತ್ತೆಯ ಅಜ್ಜಿ ಎರಡು ವರ್ಷದ ಮಗು. 1880ರಲ್ಲಿ ಮೂರು ತಿಂಗಳಿದ್ದ ಆ ಗಂಡು ಕೂಸು ಇಲ್ಲ. ಆ ಸೆನ್ಸಸ್ ಜೊತೆಗೆ ಸತ್ತವ್ರ ಪಟ್ಟಿ ಬೇರೆ ಇರುತ್ತೆ, 1885 ಮೇ 31ಕ್ಕೆ ಮುಗಿದ ಹನ್ನೆರಡು ತಿಂಗಳಲ್ಲಿ ತೀರ್ಕೊಂಡವ್ರದ್ದು. ತುಂಬ ಜನ ಆ ಪಟ್ಟಿ ನೋಡೋದೇ ಇಲ್ಲ, ನಾನೂ ನೋಡ್ತಿರ್ಲಿಲ್ಲ, ರಾತ್ರಿ ಹನ್ನೊಂದಕ್ಕೆ ನಿದ್ದೆ ಬರದೆ ತಿರುವ್ತಾ ಇದ್ದೆ. ಹೆಸರು. ಹೆಣ್ಣು. 31. ಸ್ವೀಡನ್. ಜನವರಿ. ಕಾರಣದ ಕಾಲಂನಲ್ಲಿದ್ದ ಎರಡು ಇಂಗ್ಲಿಷ್ ಪದವನ್ನ ಕನ್ನಡದಲ್ಲಿ ಹೇಳ್ಬೇಕಂದ್ರೆ, ಬಾಣಂತಿ ಜ್ವರ.

ಅಲ್ಲಿ ತನಕ ನನ್ನ ಮನಸ್ಸಲ್ಲಿ ಆಕೆ 'ಅವ್ರು'. ಮುತ್ತಜ್ಜಿ ಅಂದ್ಮೇಲೆ ಬಿಳಿ ಕೂದಲು, ಸುಕ್ಕು, ಬಹುವಚನ ಎಲ್ಲ ತಾನಾಗೇ ಬಂದಿತ್ತು. ನನಗೀಗ 38. ನನಗಿಂತ ಏಳು ವರ್ಷ ಚಿಕ್ಕವಳು, ಕೂಸು ಮಗ್ಗುಲಲ್ಲಿಟ್ಕೊಂಡು ಮಣ್ಣಿನ ಮನೇಲಿ ಸತ್ತಿದಾಳೆ. ಆವತ್ತಿಂದ ನನಗೆ ಅವ್ರು ಅನ್ನೋಕೆ ಬಾಯಿ ಬರ್ತಿಲ್ಲ.

ಇಂಥ ಕಾಲದ ಹೆಂಗಸರನ್ನ ಹುಡುಕೋದು ಎಷ್ಟು ಕಷ್ಟ ಅಂತ ಒಂದು ಉದಾಹರಣೆ ಹೇಳ್ತೀನಿ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಸರ್ಕಾರಿ ಜಮೀನು ಹಿಡಿದವ್ರು ಐದು ವರ್ಷ ಅಲ್ಲೇ ವಾಸ ಮಾಡಿ, ಉತ್ತು ಬಿತ್ತು, ಇಬ್ರು ಸಾಕ್ಷಿ ಕರ್ಕೊಂಡು ಹೋಗಿ ಹೇಳಿಕೆ ಕೊಟ್ರೆ ಪಟ್ಟಾ ಸಿಗ್ತಿತ್ತು. ಆ ಫೈಲುಗಳು ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ನೆಬ್ರಾಸ್ಕಾದವು ಪೂರ್ತಿ ಸ್ಕ್ಯಾನ್ ಆಗಿವೆ. ಮುತ್ತಜ್ಜನ ಫೈಲ್ ಸಿಕ್ತು. 1874ರಲ್ಲಿ ಅರ್ಜಿ, 1880ರಲ್ಲಿ ಹೇಳಿಕೆ. ಎಷ್ಟು ಎಕರೆ ಉತ್ತಿದ್ದಾನೆ, ಮನೆ ಎಷ್ಟು ಅಡಿ ಉದ್ದ ಅಗಲ, ಬಾವಿ ಎಷ್ಟು ಆಳ, ಎಷ್ಟು ಕಾಟನ್‌ವುಡ್ ಮರ ನೆಟ್ಟಿದಾನೆ, ಕೊಟ್ಟಿಗೆ, ಹಂದಿಗೂಡು, ಎಲ್ಲ ಇದೆ. ಮನೆಯವ್ರ ಬಗ್ಗೆ ಕೇಳಿದ ಪ್ರಶ್ನೆಗೆ "ಹೆಂಡತಿ ಮತ್ತು ನಾಲ್ಕು ಮಕ್ಕಳು". ಅಷ್ಟೇ. ಬಾವಿ ಆಳ ಬರ್ಕೊಂಡ್ರು, ಅವಳ ಹೆಸರು ಬರ್ಕೊಳ್ಳಿಲ್ಲ.

ಇನ್ನೊಂದು ಮಾತು ಹೇಳ್ಲೇಬೇಕು. ಆ ಅರ್ಜಿಯಲ್ಲಿ ಖಾಲಿ ಸರ್ಕಾರಿ ಜಮೀನು ಅಂತಿದೆಯಲ್ಲ, ಅದು ಖಾಲಿ ಇರ್ಲಿಲ್ಲ, ಪ್ಲಾಟ್ ನದಿಯ ಆಚೆ ಈಚೆ ಮೂಲನಿವಾಸಿ ಪಾನೀ ಜನರ ನೆಲ. ಒಪ್ಪಂದದ ಮೇಲೆ ಒಪ್ಪಂದ ಮಾಡಿಸಿ ಅವ್ರನ್ನ ಲೂಪ್ ನದಿ ಪಕ್ಕದ ಒಂದು ತುಂಡಿಗೆ ತಂದು ನಿಲ್ಲಿಸಿದ್ರು, ಕೊನೆಗೆ ಅದನ್ನೂ ಬಿಡಿಸಿ ಈಗಿನ ಓಕ್ಲಹೋಮಾಕ್ಕೆ ಕಳಿಸಿದ್ದು 1874 ರಿಂದ 1876ರ ಹೊತ್ತಲ್ಲಿ, ಸರಿಯಾಗಿ ನಮ್ಮ ಮುತ್ತಜ್ಜ ಅರ್ಜಿ ಹಾಕಿದ ಸಮಯ. ಅವ್ರ ಹಿರಿಯರ ಸಮಾಧಿಗಳೂ ಇದೇ ನೆಲದಲ್ಲಿವೆ, ಎಷ್ಟೋ ಅಗೆದು ಮ್ಯೂಸಿಯಂ ಕಪಾಟು ಸೇರಿದ್ವು. ಅವನ್ನ ವಾಪಸ್ ಕೊಡಿಸೋಕೆ ಪಾನೀ ಜನ ಹೋರಾಡಿದ್ರಿಂದಲೇ 1989ರಲ್ಲಿ ನೆಬ್ರಾಸ್ಕಾದಲ್ಲಿ ಗುರುತಿಲ್ಲದ ಸಮಾಧಿಗಳನ್ನ ಕಾಪಾಡೋ ಕಾನೂನು ಬಂದಿದ್ದು. ಆ ಕಾನೂನು ಮುಂದೆ ನಮಗೇ ಬೇಕಾಯ್ತು.

ಈಗ ಅವಳು ಎಲ್ಲಿಂದ ಬಂದವಳು ಅನ್ನೋದು. ಕುಟುಂಬದಲ್ಲಿ ಎಲ್ಲರೂ ನಂಬಿದ್ದು ನ್ಯೂಯಾರ್ಕ್ ಬಂದರಿನ ವಲಸೆ ಕೇಂದ್ರ ಎಲ್ಲಿಸ್ ಐಲೆಂಡ್‌ನಲ್ಲಿ ಆಫೀಸರ್ ಹೆಸರು ಬದಲಾಯಿಸಿಬಿಟ್ಟ ಅನ್ನೋ ಕಥೆ. ಎಲ್ಲಿಸ್ ಐಲೆಂಡ್ ಬಾಗಿಲು ತೆರೆದಿದ್ದೇ 1892ರಲ್ಲಿ ಸ್ವಾಮೀ, ಅವಳು ಸತ್ತು ಏಳು ವರ್ಷ ಆಗಿತ್ತು. ಅವಳು ಇಳಿದಿದ್ದು ಅದಕ್ಕೆ ಮುಂಚಿನ ಕೇಂದ್ರ ಕ್ಯಾಸಲ್ ಗಾರ್ಡನ್‌ನಲ್ಲಿ. ಆನ್‌ಲೈನ್‌ನಲ್ಲಿ ಯಾರೋ ದೂರದ ನೆಂಟರು ಹಾಕಿರೋ ವಂಶವೃಕ್ಷ ನೋಡಿದ್ರೆ ಇನ್ನೂ ಮಜಾ, ನಾಲ್ಕು ಕ್ಲಿಕ್‌ನಲ್ಲಿ ಸ್ವೀಡನ್ ರಾಜಮನೆತನಕ್ಕೇ ಗಂಟು ಹಾಕಿಬಿಟ್ಟಿದಾರೆ, ಆಧಾರ ಅಂತ ಕೊಟ್ಟಿರೋದು ಇನ್ನೊಬ್ರ ಆನ್‌ಲೈನ್ ವಂಶವೃಕ್ಷ, ಅವ್ರ ಆಧಾರ ಇವ್ರು. ಇಂಥವು ನೋಡಿ ನನಗೊಂದು ನಿಯಮ ಆಗ್ಹೋಗಿದೆ, ಮೂಲ ಹಾಳೆಯ ಫೋಟೋ ಕಣ್ಣಾರೆ ನೋಡದೆ ಒಂದು ಗೆರೆನೂ ಎಳೆಯಲ್ಲ.

ಮೂಲ ಸಿಕ್ಕಿದ್ದು ಚರ್ಚ್ ಪುಸ್ತಕದಲ್ಲಿ. ಇಲ್ಲಿನ ಸ್ವೀಡಿಷ್ ಲೂಥರನ್ ಚರ್ಚುಗಳು ಪುಸ್ತಕವನ್ನ ಸ್ವೀಡನ್ ಪದ್ಧತಿಯಲ್ಲೇ, ಸ್ವೀಡಿಷ್‌ನಲ್ಲೇ ಬರೀತಿದ್ವು, ಅವುಗಳ ಮೈಕ್ರೋಫಿಲ್ಮ್ ಇಲಿನಾಯ್‌ನ ರಾಕ್ ಐಲೆಂಡ್‌ನಲ್ಲಿ ಅಗಸ್ಟಾನಾ ಕಾಲೇಜಿನ ಸ್ವೆನ್ಸನ್ ಸೆಂಟರ್‌ನಲ್ಲಿವೆ. ಅಲ್ಲಿಂದ ಬಂದ ಪುಟದಲ್ಲಿ ಅವಳ ಹುಟ್ಟಿದ ದಿನ, ಸ್ವೀಡನ್‌ನ ಸ್ಮೋಲಂಡ್ ಪ್ರಾಂತ್ಯದ ಒಂದು ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಹೆಸರು, ವಲಸೆ ಬಂದ ವರ್ಷ 1871. ಕೂಸು ಜನವರಿ 9ಕ್ಕೆ ಹುಟ್ಟಿದೆ, ಅವತ್ತೇ ಅವಸರದಲ್ಲಿ ನೀರು ಚಿಮುಕಿಸಿ ಹೆಸರಿಟ್ಟಿದಾರೆ, ಅವಳು 17ಕ್ಕೆ, ಕೂಸು 20ಕ್ಕೆ. ಪಕ್ಕದಲ್ಲಿ ಪಾದ್ರಿ ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಬರೆದಿದಾನೆ, ಮನೆಯ ಜಮೀನಲ್ಲೇ ಮಣ್ಣು ಮಾಡಿದ್ದು ಅಂತ. ಸ್ವೀಡಿಷ್ ಗೊತ್ತಿರೋ ಒಬ್ರು ಓದಿ ಹೇಳಿದ್ರು, ನಾನು ಮೂರು ಸಲ ಕೇಳಿ ಖಾತ್ರಿ ಮಾಡ್ಕೊಂಡೆ. ಆ ಗಂಡು ಕೂಸು ಸತ್ತಿರಬಹುದಾದ 1881, 82ರ ಪುಟಗಳಿಗೆ ಯಾವಾಗಲೋ ನೀರು ಬಿದ್ದು ಮಸಿಯೆಲ್ಲ ಹರಡಿಹೋಗಿದೆ.

ಪ್ಯಾರಿಷ್ ಹೆಸರು ಸಿಕ್ರೆ ಸ್ವೀಡನ್ ಕಡೆ ಕೆಲಸ ಸಲೀಸು. ಅಲ್ಲಿನ ರಾಷ್ಟ್ರೀಯ ದಫ್ತರದವ್ರು 2018ರಿಂದ ಹಳೇ ಚರ್ಚ್ ಪುಸ್ತಕದ ಸ್ಕ್ಯಾನ್ ಎಲ್ಲ ಪುಕ್ಕಟೆ ಬಿಟ್ಟಿದಾರೆ. ಅದ್ರಲ್ಲಿ ಮನೆ ಪರೀಕ್ಷೆ ಪುಸ್ತಕ ಅಂತ ಒಂದು ಇದೆ, ಪಾದ್ರಿ ಮನೆಮನೆಯವ್ರನ್ನ ಕೂರಿಸ್ಕೊಂಡು ಓದು ಬರುತ್ತಾ, ಧರ್ಮಪಾಠ ಬಾಯಿಗೆ ಬರುತ್ತಾ ಅಂತ ಪರೀಕ್ಷೆ ಮಾಡಿ ಮಾರ್ಕ್ಸ್ ಹಾಕೋದು, ಜೊತೆಗೆ ಯಾರು ಎಲ್ಲಿಂದ ಬಂದ್ರು ಎಲ್ಲಿಗೆ ಹೋದ್ರು ಎಲ್ಲ ಗುರುತು. ಹೆಸರಿನ ಪದ್ಧತಿ ನಮ್ಮವ್ರಿಗೆ ಬೇಗ ಅರ್ಥ ಆಗುತ್ತೆ, ನನ್ನ ಗಂಡನಿಗೆ ಹೇಳೋಕೆ ಸಾಕುಬೇಕಾಯ್ತು. ಅಪ್ಪ ಆಂಡರ್ಸ್ ಆದ್ರೆ ಮಗ ಆಂಡರ್ಸನ್, ಮಗಳು ಆಂಡರ್ಸ್‌ಡಾಟರ್, ಮುಂದಿನ ತಲೆಮಾರಿಗೆ ಅದೂ ಬದಲು. ಅಪ್ಪನ ಹೆಸರನ್ನ ಇನಿಶಿಯಲ್ ಆಗಿ ಹಾಕ್ಕೊಳ್ಳೋ ನಮ್ಮ ಥರಾನೇ. ಅವನಿಗೆ ನನ್ನ ಪಾಸ್‌ಪೋರ್ಟ್ ತೋರಿಸಿ ವಿವರಿಸಿದೆ.

ಹುಟ್ಟಿನ ದಾಖಲೆಯಲ್ಲಿ ಅಮ್ಮನ ಹೆಸರಿದೆ, ಕೂಲಿಯಾಳು. ಅಪ್ಪ ಅನ್ನೋ ಜಾಗ ಖಾಲಿ, ಪಕ್ಕದಲ್ಲಿ ಮದುವೆಯಿಲ್ಲದೆ ಹುಟ್ಟಿದ್ದು ಅಂತ ಒಂದು ಪದ. ಅವಳ 'ಡಾಟರ್' ಹೆಸರು ತಾತನ ಕಡೆಯಿಂದ ಬಂದಿದ್ದಿರಬೇಕು. ನದಿ ಮೂಲ ಋಷಿ ಮೂಲ ಹುಡುಕಬಾರ್ದು ಅಂತ ನಮ್ಮಲ್ಲಿ ಹೇಳ್ತಾರಲ್ಲ, ಅತ್ತೆಗೆ ಇದನ್ನ ಹೇಳ್ಬೇಕಾ ಬೇಡ್ವಾ ಅಂತ ನನಗೆ ಅಳುಕು. ಅತ್ತೆ ಜೋರಾಗಿ ನಕ್ಕುಬಿಟ್ರು. "ರಾಜಮನೆತನ ಹೋಯ್ತಲ್ಲ!"

ಹದಿನಾಲ್ಕಕ್ಕೆ ಮನೆಗೆಲಸದವಳಾಗಿ ಹೊರಗೆ ಹೋಗಿದಾಳೆ, 1867ರಿಂದ 69ರ ತನಕ ಸ್ವೀಡನ್‌ನಲ್ಲಿ ಬೆಳೆ ಹೋಗಿ ಬರ ಬಿದ್ದ ಕಾಲ. ಮೂರು ವರ್ಷದಲ್ಲಿ ನಾಲ್ಕು ಮನೆ, ಪ್ರತಿ ಶರತ್ಕಾಲಕ್ಕೆ ಒಪ್ಪಂದ ಮುಗಿದು ಗಂಟುಮೂಟೆ ಕಟ್ಟೋದು. ಆಮೇಲೆ ಒಂದು ಸಾಲು, ಉತ್ತರ ಅಮೆರಿಕಾಗೆ. ಗೋಥೆನ್‌ಬರ್ಗ್ ಬಂದರಿನ ಪೊಲೀಸರು 1869ರಿಂದ ವಲಸೆ ಹೋಗೋರ ಪಟ್ಟಿ ಇಟ್ಟಿದಾರೆ, ಅದ್ರಲ್ಲೂ ಇದಾಳೆ, 17 ವರ್ಷ, ಜೊತೆಗೆ ಯಾರೂ ಇಲ್ಲ.

ಡಿಎನ್ಎ ಬಗ್ಗೆ ಕೇಳ್ತೀರ ಅಂತ ಹೇಳಿಬಿಡ್ತೀನಿ. ಅತ್ತೆ ಟೆಸ್ಟ್ ಮಾಡಿಸಿದ್ರು, ಮಲತಾಯಿಯ ಮಗನ ಮೊಮ್ಮಗಳೊಬ್ರು ಅದೇ ಕಂಪನಿಯಲ್ಲಿ ಸಿಕ್ರು. ಇಬ್ರ ಮುತ್ತಜ್ಜಿನೂ ಒಬ್ಬಳೇ ಆಗಿದ್ರೆ ಹಂಚ್ಕೊಂಡಿರೋದು ಸರಾಸರಿ 230 ಸೆಂಟಿಮಾರ್ಗನ್ (ಹಂಚ್ಕೊಂಡ ಡಿಎನ್ಎ ಅಳೆಯೋ ಲೆಕ್ಕ) ಹತ್ತಿರ, ಮುತ್ತಜ್ಜ ಮಾತ್ರ ಒಬ್ಬನೇ ಆಗಿದ್ರೆ ಅದ್ರ ಅರ್ಧ. ಬಂದಿದ್ದು 112. ಈ ಸಂಖ್ಯೆಗಳು ಒಂದ್ರ ಮೇಲೊಂದು ಹಾಯುತ್ವೆ, ಇದೊಂದನ್ನೇ ನಂಬ್ಕೊಂಡು ತೀರ್ಮಾನ ಮಾಡೋಕಾಗಲ್ಲ, ಕಾಗದಕ್ಕೆ ತಾಳೆ ಆಯ್ತು ಅಷ್ಟೇ.

ಇನ್ನು ಜಾಗ. ಪಟ್ಟಾದಲ್ಲಿ ವಿಳಾಸ ಇರೋದು ಹೀಗೆ, ಟೌನ್‌ಶಿಪ್ ಇಷ್ಟು ಉತ್ತರ, ರೇಂಜ್ ಇಷ್ಟು ಪಶ್ಚಿಮ, ಆರನೇ ಪ್ರಿನ್ಸಿಪಲ್ ಮೆರಿಡಿಯನ್, ಸೆಕ್ಷನ್ 14, ಈಶಾನ್ಯ ಕಾಲುಭಾಗದ ಪಶ್ಚಿಮ ಅರ್ಧ. ಮೊದಲ ಸಲ ಓದಿದಾಗ ಜಾತಕ ಓದಿದಂಗಾಯ್ತು. ಗೊತ್ತಾದ್ಮೇಲೆ ಸರಳ. ಟೌನ್‌ಶಿಪ್ ಅಂದ್ರೆ ಆರು ಮೈಲಿ ಚೌಕ, ಅದ್ರೊಳಗೆ 36 ಸೆಕ್ಷನ್, ಒಂದೊಂದು 640 ಎಕರೆ, ನಂಬರ್ ಈಶಾನ್ಯ ಮೂಲೆಯಿಂದ ಶುರುವಾಗಿ ಹೊಲ ಉಳೋ ಎತ್ತಿನ ಥರ ಒಂದು ಸಾಲು ಹಿಂಗೆ ಹೋಗಿ ಮುಂದಿನ ಸಾಲು ಹಂಗೆ ವಾಪಸ್ ಬರುತ್ತೆ. ಹೋಮ್‌ಸ್ಟೆಡ್ ಅಂದ್ರೆ 160 ಎಕರೆ ಅಂತ ಎಲ್ಲರೂ ಹೇಳ್ತಾರೆ, ಇವ್ರಿಗ್ಯಾಕೆ 80 ಅಂತ ನನಗೆ ತಲೆ ಕೆಟ್ಟಿತ್ತು, ಆಮೇಲೆ ಗೊತ್ತಾಯ್ತು, ಯೂನಿಯನ್ ಪೆಸಿಫಿಕ್ ರೈಲ್ವೆಗೆ ಸರ್ಕಾರ ಬೆಸ ಸಂಖ್ಯೆಯ ಸೆಕ್ಷನ್‌ಗಳನ್ನ ದಾನ ಕೊಟ್ಟ ಪ್ರದೇಶದೊಳಗೆ ಈ ಜಾಗ ಬರುತ್ತೆ, ಅಲ್ಲಿ ಉಳಿದ ಸರಿ ಸಂಖ್ಯೆಯ ಸೆಕ್ಷನ್‌ನಲ್ಲಿ 1879ರ ತನಕ ಸಾಮಾನ್ಯ ರೈತನಿಗೆ 80 ಎಕರೆ ಮಾತ್ರ.

ಆ ಜಮೀನು ಈಗ ಬೇರೆಯವ್ರದ್ದು. ಸ್ಯಾಟಲೈಟ್ ಮ್ಯಾಪ್‌ನಲ್ಲಿ ನೋಡಿದ್ರೆ ದೊಡ್ಡ ಹಸಿರು ಚಕ್ರ, ಸೆಂಟರ್ ಪಿವಟ್ ನೀರಾವರಿ, ಮಧ್ಯದಿಂದ ಕಾಲು ಮೈಲಿ ಉದ್ದದ ಪೈಪು ಗಡಿಯಾರದ ಮುಳ್ಳಿನ ಥರ ಸುತ್ತುತ್ತೆ. 160 ಎಕರೆ ಚೌಕದಲ್ಲಿ ಚಕ್ರಕ್ಕೆ ಸಿಗೋದು ಸುಮಾರು 130, ನಾಲ್ಕು ಮೂಲೆ ಒಣಗೇ ಉಳಿಯುತ್ತೆ. ವಾಯವ್ಯ ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ ಇತ್ತು, ಮರ. 1930ರ ದಶಕದ ಕೊನೇಲಿ ಕೃಷಿ ಇಲಾಖೆಯವ್ರು ವಿಮಾನದಿಂದ ತೆಗೆದ ಫೋಟೋ ತರಿಸಿ ನೋಡಿದ್ರೆ ಅದೇ ಜಾಗದಲ್ಲಿ ಸಣ್ಣ ಚೌಕ, ಸುತ್ತ ಉತ್ತಿದಾರೆ, ಚೌಕ ಬಿಟ್ಟಿದಾರೆ.

ರೈತನಿಗೆ ಫೋನ್ ಮಾಡಿದೆ. ಅಪರಿಚಿತ ಉಚ್ಚಾರಣೆಯ ಹೆಂಗಸು ನಿಮ್ಮ ಜೋಳದ ಹೊಲದಲ್ಲಿ ಸಮಾಧಿ ಇದೆ ಅಂದ್ರೆ ಏನಂದ್ಕೊಳ್ತಾರೋ ಅಂತ ಭಯ. ಅವ್ರು ಸಮಾಧಾನವಾಗಿ ಹೇಳಿದ್ರು, ಆ ಮೂಲೆ ಉಳಬೇಡ ಅಂತ ನಮ್ಮಪ್ಪ ಹೇಳಿದ್ರು, ಅವರಪ್ಪ ಅವ್ರಿಗೆ ಹೇಳಿದ್ರಂತೆ, ಯಾಕೆ ಅಂತ ಯಾರೂ ಹೇಳ್ಲಿಲ್ಲ.

ಅಕ್ಟೋಬರ್‌ನಲ್ಲಿ ಕಟಾವಾದ ಮೇಲೆ ಹೋದ್ವಿ. ಎರಡು ಸೀಡರ್ ಮರ, ಒಂದು ಮುದಿ ಲೈಲಾಕ್ ಪೊದೆ, ಹುಲ್ಲಿನ ಮಧ್ಯೆ ಐರಿಸ್ ಎಲೆಗಳು. ಲೈಲಾಕ್ ಈ ನೆಲದ ಗಿಡವೇ ಅಲ್ಲ, ಯಾರೋ ತಂದು ನೆಟ್ಟಿದ್ದು. ಇಂಥ ಕಡೆ ಕಲ್ಲು ಹುಡುಕೋದ್ರಲ್ಲಿ ಅರ್ಥ ಇಲ್ಲ, ಅಗೆದಷ್ಟೂ ಮಣ್ಣೇ, ಕಾಡುಗಲ್ಲೂ ಸಿಗದ ನೆಲ, ಬಡವರು ಮರದ ಹಲಗೆ ನೆಡ್ತಿದ್ರು, ಅದು ಹುಲ್ಲುಗಾವಲಿನ ಬೆಂಕಿಗೋ ಗೆದ್ದಲಿಗೋ ಹೋಗ್ತಿತ್ತು. ಹೂವಿನ ಗಿಡವೇ ಕಲ್ಲು. ಸಂಜೆ ಬಿಸಿಲು ಓರೆಯಾದಾಗ ನೆಲದಲ್ಲಿ ತಗ್ಗು ಕಾಣಿಸ್ತು, ಪೂರ್ವ ಪಶ್ಚಿಮಕ್ಕೆ ಉದ್ದ.

ಜೊತೆಗೆ ಬಂದಿದ್ದ ಅತ್ತೆಯ ತಮ್ಮನ ಮಗ ಒಂದಡಿ ಅಗೆದು ನೋಡೋಣ ಅಂದ. ಇಲ್ಲ ಅಂದೆ, ಆ 1989ರ ಕಾನೂನು ನೆನಪಿಸಿದೆ. ಅವನ ಮುಖ ಗಂಟಾಯ್ತು, ನಮ್ಮ ಮುತ್ತಜ್ಜಿ ತಾನೇ ಅಂತ. ಕಾನೂನು ಇಲ್ಲದಿದ್ರೂ ನಾನು ಬಿಡ್ತಿರ್ಲಿಲ್ಲ ಅನ್ನೋದು ಬೇರೆ ಮಾತು. ಆಫೀಸಿನ ಗೆಳತಿಯ ಗಂಡ ಆರ್ಕಿಯಾಲಜಿ ಓದಿದವನು, ನವೆಂಬರ್‌ನಲ್ಲಿ ನೆಲದೊಳಗೆ ನೋಡೋ ರೇಡಾರ್ ತಳ್ಳುಗಾಡಿ ತಂದು ಹುಲ್ಲುಕೊಯ್ಯೋ ಮೆಷಿನ್ ಥರ ಸಾಲುಸಾಲಾಗಿ ಓಡಿಸ್ದ. ಅದ್ರಲ್ಲಿ ಮೂಳೆ ಗೀಳೆ ಕಾಣಲ್ಲ, ಒಮ್ಮೆ ಅಗೆದು ಮುಚ್ಚಿದ ಮಣ್ಣು ಸುತ್ತಲಿನ ಮಣ್ಣಿಗಿಂತ ಬೇರೆ ಥರ ತೋರುತ್ತೆ ಅಷ್ಟೇ. ಮೂರು ಬಂದ್ವು. ಒಂದು ಉದ್ದ, ಅದಕ್ಕೆ ಒತ್ತಿಕೊಂಡಂತೆ ಒಂದು ಗಿಡ್ಡ, ಮೂರಡಿ ಆಚೆ ಇನ್ನೊಂದು ಗಿಡ್ಡ.

ಉದ್ದದ್ದು ಅವಳು, ಮಗ್ಗುಲಲ್ಲಿ ಜನವರಿಯ ಕೂಸು, ಆಚೆ ಇರೋದು 1880ರಲ್ಲಿ ಮೂರು ತಿಂಗಳಿದ್ದ ಗಂಡು ಮಗು. ಹೀಗಂತ ನಾನು ನಂಬ್ತೀನಿ. ಬರೆಯೋವಾಗ ಮಾತ್ರ ಹೀಗಂತ ಬರೆದಿಲ್ಲ. ಫೈಂಡ್ ಎ ಗ್ರೇವ್ ಅನ್ನೋ ಸಮಾಧಿಗಳ ವೆಬ್‌ಸೈಟ್‌ನಲ್ಲಿ ಮಲತಾಯಿಯ ಪುಟಕ್ಕೆ ಮುತ್ತಜ್ಜಿಯ ಮಕ್ಕಳನ್ನೆಲ್ಲ ಜೋಡಿಸಿಬಿಟ್ಟಿದ್ರು, ಅದನ್ನ ನೋಡ್ಕೊಳ್ತಿದ್ದವ್ರಿಗೆ 1900ರ ಸೆನ್ಸಸ್ ಹಾಳೆ, 1885ರ ಪಟ್ಟಿ, ಚರ್ಚ್ ಪುಟ ಮೂರೂ ಕಳಿಸಿ ಬಿಡಿಸಿದೆ. ಅವಳಿಗೆ ಬೇರೆ ಪುಟ ಮಾಡಿ, ಚರ್ಚ್ ಪುಸ್ತಕದ ಪ್ರಕಾರ ಮನೆ ಜಮೀನಲ್ಲಿ ಮಣ್ಣು ಮಾಡಿದ್ದು, ಈ ಮೂಲೆ ಇರಬಹುದು, ಆಧಾರ ಇಂಥಿಂಥದ್ದು ಅಂತ ಹಾಕಿದೀನಿ. ಜಾಗದ ಕರಾರುವಾಕ್ಕು ಗುರುತು ಹಾಕಿಲ್ಲ, ಅದು ಒಬ್ರ ಸ್ವಂತ ಹೊಲ.

ಈ ಮೇ ತಿಂಗಳು ಬಕೆಟ್ ಎರಡಾಯ್ತು. ಮೊದಲು ಎಂದಿನ ಸ್ಮಶಾನಕ್ಕೇ ಹೋದ್ವಿ. ಮಲತಾಯಿ ಕಡೆ ಇಡ್ತಾರೋ ಇಲ್ವೋ ಅಂತ ನಾನು ನೋಡ್ತಾ ಇದ್ದೆ, ಅತ್ತೆ ಪ್ರತಿ ವರ್ಷದಷ್ಟೇ ಹೂ ಇಟ್ರು. "ಎರಡು ವರ್ಷದ ಮಗು ಆಗಿದ್ದ ನಮ್ಮಜ್ಜಿಯನ್ನ ಬೆಳೆಸಿದ್ದು ಇವಳೇ ತಾನೇ" ಅಂದ್ರು. ಅಲ್ಲಿಂದ ಹೊಲಕ್ಕೆ. ಜೋಳದ ಮೊಳಕೆ ಆಗಷ್ಟೇ ಗೇಣುದ್ದ ಎದ್ದಿತ್ತು. ರೈತ ಮೂಲೆಗೆ ನಾಲ್ಕು ಕಬ್ಬಿಣದ ಕಂಬ ನೆಟ್ಟಿದ್ರು, ಕಳೆನಾಶಕ ಹೊಡೆಯೋ ಗಾಡಿ ತಪ್ಪಿ ನುಗ್ಗದಿರ್ಲಿ ಅಂತ. ಅತ್ತೆಗೆ 78, ಸಾಲುಗಳ ನಡುವೆ ನನ್ನ ತೋಳು ಹಿಡ್ಕೊಂಡು ನಡೆದ್ರು. ದಾರೀಲಿ ಅವ್ರು, ಹೆತ್ತು ಇನ್ನೂ ಮಂಚ ಬಿಟ್ಟು ಏಳದವಳಿಗೆ ನಿಮ್ಮ ಭಾಷೇಲಿ ಏನೋ ಒಂದು ಪದ ಇದೆ ಅಂದಿದ್ಯಲ್ಲ, ಏನದು ಅಂತ ಕೇಳಿದ್ರು. ಬಾಣಂತಿ ಅಂದೆ. ಎರಡು ಮೂರು ಸಲ ಹೇಳಿ ನೋಡಿದ್ರು, 'ಣ' ಬರ್ಲಿಲ್ಲ. ಪಿಯೋನಿ ಇಟ್ಟು, ಬಕೆಟ್‌ನಲ್ಲಿ ಉಳಿದಿದ್ದ ನೀರನ್ನ ಲೈಲಾಕ್ ಬುಡಕ್ಕೆ ಸುರಿದು, ಕಾರ್ ಕಡೆ ಹೊರಟ್ವಿ.